ಕೇಸರ ನೋಡಿ ಸಿಂಹದ ವಯಸ್ಸು ಹೇಳಲಾಗದು

ಮಾನ್ಯರೇ,

ಟ್ರೋಫಿ ಬೇಟೆ (ತಲೆ, ಚರ್ಮಗಳನ್ನು ಸ್ಮರಣಿಕೆಯಾಗಿ ಒಯ್ಯಲು ಹಣ ಕೊಟ್ಟು ಆಡುವ ಬೇಟೆ) ಸರಿಯೋ ತಪ್ಪೋ ಎಂಬ ಜಗಳದಲ್ಲಿ ಪ್ರಾಣಿಯ ವಯಸ್ಸಿನ ಮಾತೇ ಮರೆತುಹೋಗುತ್ತಿದೆ. ಆರು ವರ್ಷ ತುಂಬದ ಗಂಡುಸಿಂಹವನ್ನು ಹೊಡೆಯಬಾರದೆಂದು ತಾಂಜಾನಿಯಾ 2010ರಲ್ಲಿ ನಿಯಮ ಮಾಡಿತು. ಏಕೆಂದರೆ ಗುಂಪಿನ ಗಂಡು ಸತ್ತರೆ ಒಳನುಗ್ಗುವ ಹೊಸ ಗಂಡು ಹಳೆಯದರ ಮರಿಗಳನ್ನು ಕೊಲ್ಲುತ್ತದೆ. ಮರಿಗಳು ಸ್ವಂತ ಕಾಲ ಮೇಲೆ ನಿಲ್ಲಲು ಸುಮಾರು ಎರಡು ವರ್ಷ ಬೇಕು; ಆರು ತುಂಬುವಷ್ಟರಲ್ಲಿ ಗಂಡು ಒಂದು ಸಲವಾದರೂ ಮರಿಗಳನ್ನು ಬೆಳೆಸಿರಲಿ ಎಂಬುದೇ ನಿಯಮದ ಆಶಯ.

ಕೇಸರ ನಂಬಿದರೆ ಕೆಟ್ಟಂತೆಯೇ. ಬಿಸಿ ಪ್ರದೇಶದಲ್ಲಿ ಪೂರ್ತಿ ಬೆಳೆದ ಸಿಂಹಕ್ಕೂ ಅದು ತೆಳ್ಳಗಿರುತ್ತದೆ. ನೋಡಬೇಕಾದ್ದು ಮೂಗನ್ನು. ಮರಿಯ ಗುಲಾಬಿ ಮೂಗಿನಲ್ಲಿ ಕಪ್ಪು ಚುಕ್ಕೆಗಳು ಹರಡುತ್ತ ಹೋಗಿ, ಐದಾರು ವರ್ಷಕ್ಕೆ ಅರ್ಧದಷ್ಟು ಕಪ್ಪಾಗುತ್ತದೆ. ಇದು ತಾಂಜಾನಿಯಾದ ಸೆರೆಂಗೆಟಿ ಹುಲ್ಲುಗಾವಲಿನ ಸಿಂಹಗಳ ಲೆಕ್ಕ; ಬೇರೆ ಕಾಡಿಗೆ ಹಾಗೇ ಹೊಂದದು. ಮುಸ್ಸಂಜೆ ಬೆಳಕಿನಲ್ಲಂತೂ ಮೂಗಿನ ಬಣ್ಣ ಕಾಣುವುದೇ ಕಷ್ಟ. ಹಲ್ಲಿನ ಎಕ್ಸ್-ರೇಯಲ್ಲಿ ಒಳಟೊಳ್ಳು ಕಿರಿದಾದಷ್ಟೂ ವಯಸ್ಸು ಹೆಚ್ಚು, ಆದರೆ ಅದು ಸತ್ತ ಮೇಲಿನ ಪರೀಕ್ಷೆ. ವಯಸ್ಸು ಕಡಿಮೆಯೆಂದು ಅಲ್ಲಿ ತಿಳಿದರೆ ಮುಂದಿನ ವರ್ಷ ಹೊಡೆಯಬಹುದಾದ ಸಿಂಹಗಳ ಕೋಟಾ ಕಡಿತವಾಗಲಿ.