ಜರ್ಮನ್ನೋ, ಜಪಾನಿಯೋ? ಮಗಳಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಪುಟ್ಟಿ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧಕ್ಕೆ ಬಾಯಿ ಹಾಕುತ್ತೀಯ. ನಾನು ಹೇಳಬೇಕಾದ್ದು ಮರೆತು, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ಆಷಾಢ ಬೇರೆ, ಮದುವೆ ಜವಳಿಗೆ ಬರುವವರು ಯಾರೂ ಇಲ್ಲ. ಮಂಡಿಪೇಟೆಯೇ ಆಕಳಿಸುತ್ತಾ ಕೂತಿದೆ. ಬರೆಯೋಕೆ ಪುರುಸೊತ್ತಿದೆ.

ಪಿಜಿಯಲ್ಲಿ ಎಲ್ಲರೂ ಜರ್ಮನ್ ಕ್ಲಾಸಿಗೆ ಸೇರುತ್ತಿದ್ದಾರೆ, ನಾನೂ ಸೇರಲಾ ಅಂತ ಕೇಳಿದೆ. ಜಪಾನಿ ಕಲಿಯುವ ಆಸೆ ಇದೆ, ಆದರೆ ಪ್ರಪಂಚದಲ್ಲೇ ಕಷ್ಟದ ಭಾಷೆ ಅಂತ ಎಲ್ಲಾ ಕಡೆ ಬರೆದಿದ್ದಾರೆ ಅಂದೆ. ಮಧ್ಯೆ ಕೊರಿಯನ್ ಹೆಸರೂ ಬಂತು. ಅದು ಯಾಕೆ ಬಂತು ಅಂತ ನನಗೆ ಗೊತ್ತು. ರಾತ್ರಿ ನಿದ್ದೆಗೆಟ್ಟು ಏನು ನೋಡುತ್ತೀಯ ಅಂತಲೂ ಗೊತ್ತು. ನಿಮ್ಮಪ್ಪನನ್ನು ಕೇಳಿದರೆ, "ಮೊದಲು ಇರೋ ಇಂಗ್ಲಿಷ್ ನೆಟ್ಟಗೆ ಮಾಡ್ಕೊಳ್ಳಲಿ" ಅಂದರು. ಅವರದ್ದು ಬಿಡು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಜಪಾನಿ ಕಲಿ. ಯಾಕೆ ಅಂತ ಮುಂದೆ ಓದು.

ಆ "ಕಷ್ಟದ ಭಾಷೆಗಳ ಪಟ್ಟಿ" ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ವಿದೇಶಾಂಗ ಇಲಾಖೆಗೆ ಒಂದು ತರಬೇತಿ ಸಂಸ್ಥೆ ಇದೆ. ಬೇರೆ ದೇಶಕ್ಕೆ ಹೋಗುವ ಅಧಿಕಾರಿಗಳಿಗೆ ಅಲ್ಲಿ ಭಾಷೆ ಕಲಿಸುತ್ತಾರೆ. ಯಾವ ಭಾಷೆಗೆ ಎಷ್ಟು ವಾರ ಹಿಡಿಯುತ್ತದೆ ಅಂತ ಅವರು ಲೆಕ್ಕ ಹಾಕಿಟ್ಟಿದ್ದಾರೆ. ಜರ್ಮನ್‌ಗೆ ಸುಮಾರು 36 ವಾರ. ಜಪಾನಿ, ಕೊರಿಯನ್, ಚೀನಿ, ಅರಬ್ಬಿಗೆ 88 ವಾರ, ಅಂದರೆ 2200 ಗಂಟೆಯ ಕ್ಲಾಸು. ಎಲ್ಲರೂ ಇದನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಾರೆ. ಆದರೆ ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ಅದೇ ಪಟ್ಟಿಯಲ್ಲಿ ತೆಲುಗು, ತಮಿಳಿಗೆ 44 ವಾರ ಅಂತ ಇದೆ. ತೆಲುಗಿಗೆ ಜರ್ಮನ್‌ಗಿಂತ ಜಾಸ್ತಿ ವಾರ ನೋಡು! ನಾನು ತೆಲುಗು ಕಲಿತದ್ದು ಗಲ್ಲಾ ಪಕ್ಕ ನಿಂತು, ರಾಯದುರ್ಗ, ಮೊಳಕಾಲ್ಮೂರು ಕಡೆಯ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಾ. ಯಾವ ಕ್ಲಾಸಿಗೂ ಹೋಗಲಿಲ್ಲ. ಕನ್ನಡದವರಿಗೆ ತೆಲುಗು ಪಕ್ಕದ ಮನೆ ಮಾತು, ಅವರಿಗೆ ಅಲ್ಲ, ಅಷ್ಟೇ. ಅವರ ಗಜಕಡ್ಡಿ ಹಿಡಿದು ನೀನು ಯಾಕೆ ಅಳೆಯಬೇಕು?

ಈಗ ಕನ್ನಡದ ಕಡೆಯಿಂದ ಜಪಾನಿಯನ್ನು ನೋಡು. ನಾನು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು, ವ್ಯಾಕರಣ ಅಂದರೆ ಇಷ್ಟ. ಸ್ವಲ್ಪ ಸಹಿಸಿಕೋ.

ಇಂಗ್ಲಿಷಿನವರು ಒದ್ದಾಡುವುದು ಎಲ್ಲಿ ಅಂದರೆ, ಜಪಾನಿಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಮ್ಮ ವಿಭಕ್ತಿ ಪ್ರತ್ಯಯದ ಕೆಲಸ ಮಾಡುವ ಚಿಕ್ಕ ಚಿಕ್ಕ ಪದಗಳು ಹೆಸರಿನ ಬೆನ್ನಿಗೆ ಬರುತ್ತವೆ. "ನಾನು ದಾವಣಗೆರೆಯಿಂದ ಬಂದೆ" ಅನ್ನಬೇಕಾದರೆ "ವತಶಿ ವ ದಾವಣಗೆರೆ ಕರ ಕಿಮಶಿತ" ಅನ್ನುತ್ತಾರೆ. ವತಶಿ ನಾನು, ಕರ ಅಂದರೆ ಇಂದ, ಕಿಮಶಿತ ಅಂದರೆ ಬಂದೆ. ನಮ್ಮ ಸಾಲೇ ಅವರ ಸಾಲು. ನಡುವಿನ ಆ "ವ"ಕ್ಕೆ ಮಾತ್ರ ನಮ್ಮಲ್ಲಿ ಸರಿಯಾದ ಜೋಡಿ ಇಲ್ಲ. ಅದು ಸ್ವಲ್ಪ ದಿನ ಕಾಡುತ್ತದೆ. ಪ್ರಶ್ನೆ ಕೇಳಬೇಕಾ? ನಾವು ಕೊನೆಗೆ "ಆ" ಸೇರಿಸುತ್ತೇವೆ, ಅವರು "ಕ" ಸೇರಿಸುತ್ತಾರೆ. "ನಾನೂ" ಅನ್ನಲು ವತಶಿ ಮೊ. "ನಿನ್ನೆ ಬಂದ ಮನುಷ್ಯ" ಅನ್ನುವುದನ್ನು ಇಂಗ್ಲಿಷಿನವರು ತಲೆಕೆಳಗು ಮಾಡಿ, ಮಧ್ಯೆ ಒಂದು ಕೊಂಡಿ ಹಾಕಿ ಹೇಳಬೇಕು. ಜಪಾನಿಯಲ್ಲಿ "ಕಿನೋ ಕಿತ ಹಿತೊ", ನಿನ್ನೆ, ಬಂದ, ಮನುಷ್ಯ. ನನಗೆ ತುಂಬಾ ಹಿಡಿಸಿದ್ದು "ತಬೆತೆ ಮಿತೆ". ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು. ಅವರೂ ನಮ್ಮ ಹಾಗೆ ತಿಂದು ನೋಡುತ್ತಾರೆ!

ಉಚ್ಚಾರಣೆಯಲ್ಲೂ ನಿನಗೆ ಲಾಭ. ಜಪಾನಿಯಲ್ಲಿ ಹ್ರಸ್ವ, ದೀರ್ಘ ತಪ್ಪಿದರೆ ಅರ್ಥವೇ ಬೇರೆ. ಒಬಸನ್ ಅಂದರೆ ಅತ್ತೆಯೋ ಚಿಕ್ಕಮ್ಮನೋ, ಒಬಾಸನ್ ಅಂದರೆ ಅಜ್ಜಿ. ಒತ್ತಕ್ಷರವೂ ಹಾಗೇ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆಚೀಟಿ. ಇಂಗ್ಲಿಷಿನವರ ಕಿವಿಗೆ ಈ ವ್ಯತ್ಯಾಸ ಬೀಳುವುದಕ್ಕೇ ದಿನ ಬೇಕು. ನೀನು ಒಂದನೇ ಕ್ಲಾಸಿನಲ್ಲೇ ಕಾಗುಣಿತ, ಒತ್ತಕ್ಷರ ತಿದ್ದಿದವಳು. ಇನ್ನೊಂದು ತಮಾಷೆ ಇದೆ. ಇಂಗ್ಲಿಷ್ ಪದ ಬಂದರೆ ನಾವು ಕೊನೆಗೊಂದು ಸ್ವರ ಅಂಟಿಸಿ ಬಸ್ಸು, ನೈಸು, ಗ್ಲಾಸು ಅನ್ನುತ್ತೇವಲ್ಲ, ಅವರೂ ಬಸು, ನೈಸು, ಗುರಸು ಅನ್ನುತ್ತಾರೆ. ಲ ಅಕ್ಷರ ಅವರಿಗೆ ಬಾರದು, ಅದಕ್ಕೆ ರ.

ಅವರ ಹಿರಗನ ಅನ್ನುವ ಲಿಪಿಗೆ 46 ಅಕ್ಷರ. ಅದರ ಸಾಲು ನೋಡಿ ನನಗೆ ನಗು ಬಂತು. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳಿಂದಾಗಿ ನಮ್ಮ ಕಡೆಯ ವರ್ಣಮಾಲೆಯ ಕ್ರಮದ ನೆರಳು ಅಲ್ಲಿ ಬಿದ್ದಿದೆ. ಸುಸುಮು ಓನೊ ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ರಕ್ತಸಂಬಂಧವೇ ಇದೆ ಅಂತ ವಾದಿಸಿದ್ದರು. ಭಾಷಾಶಾಸ್ತ್ರದವರು ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ. ಸಂಬಂಧ ಇಲ್ಲದಿದ್ದರೇನು, ಹೋಲಿಕೆಯ ಲಾಭ ಬಿಡಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಕಷ್ಟವನ್ನೂ ಹೇಳದಿದ್ದರೆ ವ್ಯಾಪಾರಕ್ಕೆ ಮೋಸ. ಕಷ್ಟ ಇರುವುದು ಕಾಂಜಿಯಲ್ಲಿ, ಚೀನಾದಿಂದ ಬಂದ ಆ ಚಿತ್ರದಂಥ ಅಕ್ಷರಗಳಲ್ಲಿ. ದಿನಬಳಕೆಗೆ ಅಂತ ಅವರ ಸರ್ಕಾರ ಪಟ್ಟಿ ಮಾಡಿದ್ದೇ 2136. ಒಂದೊಂದನ್ನು ಎರಡು ಮೂರು ರೀತಿ ಓದಬೇಕಾಗುತ್ತದೆ. ಇದರಲ್ಲಿ ಕನ್ನಡ ನಿನಗೆ ಒಂದು ಚೂರೂ ಸಹಾಯ ಮಾಡುವುದಿಲ್ಲ. ಆದರೆ ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷದಲ್ಲಿ 1026 ಕಲಿಯುತ್ತಾರೆ. ನೀನು ಆರು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಹಟ ಹಿಡಿಯಬೇಡ. ದಿನಕ್ಕೆ ಎರಡು ಬರೆದರೂ ಸಾಕು, ಆದರೆ ಕೈಯಲ್ಲಿ ಬರೆ.

ಎಣಿಕೆಯೂ ಸ್ವಲ್ಪ ತಲೆ ತಿನ್ನುತ್ತದೆ. ನಾವು ಮನುಷ್ಯರನ್ನು ಒಬ್ಬರು, ಇಬ್ಬರು ಅಂತ ಬೇರೆ ಎಣಿಸುತ್ತೇವೆ ಅಲ್ವಾ, ಅವರು ಅದನ್ನು ಎಲ್ಲದಕ್ಕೂ ಹಬ್ಬಿಸಿದ್ದಾರೆ. ಉದ್ದನೆಯ ವಸ್ತುವಿಗೆ ಒಂದು, ಯಂತ್ರಕ್ಕೆ ಒಂದು, ಬಟ್ಟೆ, ಕಾಗದದಂಥ ತೆಳುವಾದದ್ದಕ್ಕೆ ಇನ್ನೊಂದು. ಆ ಕೊನೆಯದ್ದಕ್ಕೆ "ಮಾಯ್" ಅನ್ನುತ್ತಾರೆ. ನಮ್ಮ ಅಂಗಡಿಗೆ ಅದೊಂದು ಸಾಕು.

ಜರ್ಮನ್ ಬಗ್ಗೆ ನನಗೆ ಬೇಸರವೇನಿಲ್ಲ. ಕಿಟ್ಟೆಲ್ ಹುಟ್ಟಿದ ದೇಶ ಅದು. ಆ ಪುಣ್ಯಾತ್ಮ ಇಲ್ಲಿಗೆ ಬಂದು ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ಸಂಪಾದಿಸಿದ್ದ. ಜರ್ಮನ್ನಿನಲ್ಲೂ ವಿಭಕ್ತಿ ಇದೆ, ನಾಲ್ಕೇ ನಾಲ್ಕು. ಏಳು ವಿಭಕ್ತಿ ಬಾಯಿಪಾಠ ಮಾಡಿದ ನಮಗೆ ಅದೇನು ದೊಡ್ಡದಲ್ಲ. ಆದರೆ ಲಿಂಗ ನೋಡು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹುಡುಗಿ ಅನ್ನುವ ಪದವೇ ಅವರಲ್ಲಿ ನಪುಂಸಕಲಿಂಗ! ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಅಲ್ಲಿ ಪ್ರತಿ ಪದದ ಜೊತೆ ಲಿಂಗವನ್ನೂ ಉರು ಹೊಡೆಯಬೇಕು. ಅವರ ಪಟ್ಟಿಯಲ್ಲಿ ಜರ್ಮನ್ ಸುಲಭ ಅಂತ ಬಂದಿರುವುದು ಇಂಗ್ಲಿಷಿಗೆ ಅದು ದಾಯಾದಿ ಆದ್ದರಿಂದ.

ನಮ್ಮ ಹಿಂದಿನ ಬೀದಿಯ ನರ್ಸ್ ಹುಡುಗಿ ಜರ್ಮನ್ ಕಲಿಯುತ್ತಿದ್ದಾಳೆ. ಅವಳಿಗೆ ಅದು ಬೇಕೇ ಬೇಕು. ಅಲ್ಲಿ ನರ್ಸ್ ಆಗಿ ನೋಂದಣಿ ಆಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟ, ಅಂದರೆ ಸರಾಗವಾಗಿ ಮಾತಾಡುವಷ್ಟು ಜರ್ಮನ್, ಕೇಳುತ್ತಾರೆ. ನಿನ್ನ ಪಿಜಿ ಗೆಳತಿಯರು ಎಂ.ಎಸ್. ಮಾಡಲು ಹೋಗುವವರು. ಅವರ ಕಾರಣ ಅವರಿಗೆ ಸರಿ. ನಿನಗೆ ಅಲ್ಲಿಗೆ ಹೋಗುವ ಯೋಚನೆಯೇ ಇಲ್ಲ ಅಂತ ನೀನೇ ಹೇಳಿದ್ದೀಯ. ಮತ್ತೆ ಯಾರ ಜೊತೆ ಮಾತಾಡುತ್ತೀಯ? ಬಳಸದ ಭಾಷೆ ಒಂದೇ ವರ್ಷದಲ್ಲಿ ಮರೆತು ಹೋಗುತ್ತದೆ, ಸರ್ಟಿಫಿಕೇಟು ಮಾತ್ರ ಫೈಲಿನಲ್ಲಿ ಉಳಿಯುತ್ತದೆ.

ನಿನ್ನ ಕೆಲಸ ಇರುವುದು ಬಿಡದಿಯಲ್ಲಿ. 1999ರಲ್ಲಿ ಟೊಯೊಟಾ ಕಾರು ತಯಾರಿಕೆ ಅಲ್ಲಿ ಶುರುವಾದಾಗಿನಿಂದ ಆ ಕಡೆಗೆ ಜಪಾನಿನವರ ಓಡಾಟ ಇದ್ದೇ ಇದೆ. ನಿಮ್ಮ ಫ್ಯಾಕ್ಟರಿ ಗೋಡೆಯ ಮೇಲೆ ಸೇಯಿರಿ, ಸೇಯಿತೊನ್, ಸೇಯಿಸೋ, ಸೇಯಿಕೆತ್ಸು, ಶಿತ್ಸುಕೆ ಅಂತ, ಕೆಲಸದ ಜಾಗ ಅಚ್ಚುಕಟ್ಟಾಗಿಡುವ ಐದು ಎಸ್ ಬರೆದಿದ್ದಾರೆ ಅಂತ ನೀನೇ ಫೋಟೋ ಕಳಿಸಿದ್ದೆ. ಕೈಜೆನ್, ಕಾನ್‌ಬಾನ್, ಗೆಂಬಾ ಅಂತ ಫ್ಯಾಕ್ಟರಿಯ ಜಪಾನಿ ಪದಗಳನ್ನೇ ದಿನಾ ಬಾಯಲ್ಲಿ ಆಡುತ್ತೀಯ. ಅಲ್ಲಿಂದ ಬಂದ ಇಂಜಿನಿಯರು ಮೆಷಿನ್ ಮುಂದೆ ನಿಂತು ಐದು ನಿಮಿಷ ಮಾತಾಡಿದರೆ ದುಭಾಷಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ ಅಂತ ಸಿಡುಕಿದ್ದೂ ನೀನೇ. ಉಳಿದ ನಾಲ್ಕೂಮುಕ್ಕಾಲು ನಿಮಿಷದಲ್ಲಿ ಏನು ಹೇಳಿದರು ಅಂತ ತಿಳಿಯುವ ಆಸೆ ಇದೆಯಲ್ಲ, ಅದಕ್ಕಿಂತ ಒಳ್ಳೆ ಕಾರಣ ಬೇಕಾ?

ಕೊರಿಯನ್ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕು. ವ್ಯಾಕರಣದ ಮಟ್ಟಿಗೆ ಅದೂ ನಮಗೆ ಹತ್ತಿರ, ಅಲ್ಲೂ ಕ್ರಿಯಾಪದ ಕೊನೆಗೇ. ಲಿಪಿಯಂತೂ ಜಪಾನಿಗಿಂತ ಎಷ್ಟೋ ಸುಲಭ. ಸೇಜೊಂಗ್ ಅನ್ನುವ ರಾಜ 1443ರಲ್ಲಿ ಮಾಡಿಸಿ, 1446ರಲ್ಲಿ ಜನರ ಮುಂದಿಟ್ಟ ಲಿಪಿ. ಈಗ ಮೂಲ ಅಕ್ಷರ 24. ಧಾರಾವಾಹಿ ನೋಡಿ ಭಾಷೆ ಕಲಿಯುವುದೂ ಕೀಳೇನಲ್ಲ. ನಮ್ಮ ಓರಗೆಯವರು ಎಷ್ಟೋ ಜನ ಹಿಂದಿ ಕಲಿತದ್ದು ಅಶೋಕ ಟಾಕೀಸಿನಲ್ಲಿ. ಆದರೆ ಆಗ ಕೆಳಗೆ ಇಂಗ್ಲಿಷ್ ಸಾಲು ಓಡುತ್ತಿರಲಿಲ್ಲ. ನೀನು ಕೇಳುವುದಕ್ಕಿಂತ ಓದುವುದೇ ಜಾಸ್ತಿ. ಫ್ರೆಂಚ್, ಸ್ಪ್ಯಾನಿಷ್ ಬಗ್ಗೆ ನೀನು ಕೇಳಿಲ್ಲ, ನಾನೂ ಬರೆಯುವುದಿಲ್ಲ.

ಕಲಿಯುವುದು ಹೇಗೆ ಅಂತ ನನ್ನ ಅನುಭವದ ಮೇಲೆ ಹೇಳುತ್ತೇನೆ. ತಾಂಡಾದ ಹೆಂಗಸರು ಅಂಗಡಿಗೆ ಬಂದಾಗ ಲಂಬಾಣಿ ಮಾತು ನನಗೆ ಬರುತ್ತಿರಲಿಲ್ಲ. ಮೊದಲು ಅಂಕಿ ಹಿಡಿದುಕೊಂಡೆ. ಆಮೇಲೆ ಬಣ್ಣ. ಆಮೇಲೆ ಜಾಸ್ತಿ ಆಯ್ತು, ಕಡಿಮೆ ಮಾಡು, ಇನ್ನೊಂದು ತೋರಿಸು. ಅಷ್ಟರಲ್ಲೇ ವ್ಯಾಪಾರ ನಡೆಯಿತು, ಅವರು ನಕ್ಕು ತಿದ್ದಿದರು, ಮಿಕ್ಕದ್ದು ತಾನಾಗಿ ಬಂತು. ನೀನೂ ಕ್ಲಾಸಿನ ಪುಸ್ತಕದ ಜೊತೆಗೆ ನಿನ್ನ ಲೈನಿನ ಪದಗಳದ್ದೊಂದು ನೋಟ್‌ಬುಕ್ ಮಾಡು. ಬೋಲ್ಟು, ಗೇಜು, ರಿಜೆಕ್ಷನ್, ಲೈನ್ ನಿಂತಿದೆ, ಅಳತೆ ಹೆಚ್ಚಾಗಿದೆ, ಮತ್ತೊಮ್ಮೆ ತೋರಿಸಿ. ಪುಸ್ತಕದವರು ಇದನ್ನು ಕಲಿಸುವ ಹೊತ್ತಿಗೆ ನಿನಗೆ ಪ್ರಮೋಷನ್ ಆಗಿರುತ್ತದೆ. ಇನ್ನೊಂದು, ಜಪಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡ. ಹಿರಗನ ಬರುವ ತನಕ ಕನ್ನಡದಲ್ಲಿ ಬರೆದುಕೋ, ದೀರ್ಘವೂ ಒತ್ತೂ ಸರಿಯಾಗಿ ಕೂರುತ್ತವೆ.

ದುಡ್ಡು ಕೊಡುವ ಮೊದಲು ರುಚಿ ನೋಡಬಹುದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನಲ್ಲಿ ಉಚಿತ ಪಾಠಗಳಿವೆ, ಹಿಂದಿಯಲ್ಲೂ ಇವೆ. ಜಪಾನ್ ಫೌಂಡೇಶನ್ನಿನವರ ಇರೊದೊರಿ ಪುಸ್ತಕವೂ ಉಚಿತ, ಇಳಿಸಿಕೊಳ್ಳಬಹುದು. ನಾನು ಇಷ್ಟು ಬರೆಯುತ್ತಿರುವುದು ಅವುಗಳ ದಯೆಯಿಂದಲೇ.

ಜಪಾನಿ ಎಷ್ಟು ಬರುತ್ತದೆ ಅಂತ ನೋಡುವ ಪರೀಕ್ಷೆಯ ಹೆಸರು ಜೆಎಲ್‌ಪಿಟಿ. ಎನ್5 ಕೆಳಗಿನದ್ದು, ಎನ್1 ಮೇಲಿನದ್ದು. ನಮ್ಮ ದೇಶದಲ್ಲಿ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಈ ಡಿಸೆಂಬರಿಗೆ ಎನ್5 ಕಟ್ಟು. ಅರ್ಜಿಯ ಕೊನೆ ದಿನ ಪರೀಕ್ಷೆಗಿಂತ ಬಹಳ ಮೊದಲೇ ಇರುತ್ತದೆ, ಈಗಿನಿಂದಲೇ ಗಮನ ಇಡು. ಒಂದು ಮಾತ್ರ ತಿಳಿದಿರಲಿ. ಅದರಲ್ಲಿ ಓದುವುದು, ಕೇಳುವುದು ಇದೆ, ಮಾತಾಡಿಸಿ ನೋಡುವುದಿಲ್ಲ. ಬರೀ ಗುರುತು ಹಾಕಿ ಪಾಸಾದವರು ಜಪಾನಿನವರ ಎದುರು ಬಾಯಿ ಬಿಡದೆ ನಿಲ್ಲಬಹುದು. ಹಾಗಾಗಿ ಕ್ಲಾಸು ಸೇರುವ ಮೊದಲು ಒಂದು ದಿನ ಸುಮ್ನೆ ಹಿಂದೆ ಕೂತು ನೋಡಿ ಬಾ. ಮೇಷ್ಟ್ರು ಒಬ್ಬರೇ ಮಾತಾಡುತ್ತಿದ್ದರೆ ಅದು ಬೇಡ. ಮಕ್ಕಳು ತಪ್ಪು ತಪ್ಪಾಗಿ ಮಾತಾಡುತ್ತಾ ಗಲಾಟೆ ಮಾಡುತ್ತಿದ್ದರೆ ಅಲ್ಲೇ ಸೇರು, ಸ್ವಲ್ಪ ದೂರ ಆದರೂ ಪರವಾಗಿಲ್ಲ.

ಪಾಸಾದರೆ ಫೀಸು ವಾಪಸ್ ಕೊಡುತ್ತಾರಾ ಅಂತ ಆಫೀಸಿನಲ್ಲಿ ವಿಚಾರಿಸು. ಕೊಡಲ್ಲ ಅಂದರೆ ಅರ್ಧ ನಾನು ಹಾಕುತ್ತೇನೆ, ಅರ್ಧ ನಿನ್ನದು. ಪೂರ್ತಿ ನಾನೇ ಕೊಟ್ಟರೆ ನೀನು ಕ್ಲಾಸು ತಪ್ಪಿಸುತ್ತೀಯ. ಯಾವ ವಾರ ಶುರು ಅಂತ ತಿಳಿಸು, ದುಡ್ಡು ಕಳಿಸುತ್ತೇನೆ.

ಇಂತಿ,
ಅಮ್ಮ