ಕೆರೆ ಏರಿಯ ಗೇಟಿಗೆ ಆರು ಗಂಟೆಗೇ ಬೀಗ ಬೇಡ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಶಿವಮೊಗ್ಗದ ಅಂಚಿನಲ್ಲಿ, ಗದ್ದೆ ಹೋಗಿ ಸೈಟಾದ ಜಾಗದಲ್ಲಿ ನಮ್ಮ ಬಡಾವಣೆ ಇದೆ. ಹಿತ್ತಲ ಬಾಗಿಲು ತೆಗೆದರೆ ಕೆರೆ. ಹೂಳು ತೆಗೆದದ್ದು, ಏರಿ ಗಟ್ಟಿ ಮಾಡಿದ್ದು, ಓಡಾಡಲು ದಾರಿ ಮಾಡಿದ್ದು ಎಲ್ಲವೂ ಒಳ್ಳೆಯ ಕೆಲಸ. ಆದರೆ ಬೇಲಿಯ ಜೊತೆ ಗೇಟೂ ಬಂತು. ಈಗ ಸಂಜೆ ಆರಕ್ಕೆ ಅದಕ್ಕೆ ಬೀಗ.

ಇಲ್ಲಿನವರು ಹೆಚ್ಚಿನವರು ಮನೆಗೆ ಬರುವುದೇ ಆರೂವರೆಗೆ. ಗಾರೆ ಕೆಲಸದವರು, ಅಂಗಡಿಯವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಡೊಳ್ಳು ಕಲಿಯುವ ಹುಡುಗರಿಗೆ ಬಡಾವಣೆಯೊಳಗೆ ಜಾಗವಿಲ್ಲ. ಒಂದು ಮನೆಯಲ್ಲಿ ಬಾಣಂತಿ, ಇನ್ನೊಂದರಲ್ಲಿ ಪಿಯುಸಿ ಓದುವ ಮಗು. ಮನೆಗಳಿಂದ ದೂರ, ಯಾರಿಗೂ ತೊಂದರೆಯಿಲ್ಲದೆ ಬಾರಿಸಬಹುದಾದ ಜಾಗ ಏರಿಯ ಕೋಡಿ ಬದಿ ಒಂದೇ. ಮಳೆಗಾಲದಲ್ಲಿ ಥಂಡಿ ಹಿಡಿದು ಚರ್ಮ ಸಡಿಲಾಗುತ್ತದೆ. ಹುಡುಗರು ನಾಲ್ಕು ಸೋಗೆ ಹಚ್ಚಿ ಡೊಳ್ಳು ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಮತ್ತೆ ಕಾಯಿಸುತ್ತಿದ್ದರು. ಅದಕ್ಕೇ ಅರ್ಧ ಗಂಟೆ ಬೇಕು. ಆರು ಗಂಟೆಯ ಬೀಗ ಅವರಿಗೆ ಏನನ್ನೂ ಉಳಿಸಿಲ್ಲ.

ಇನ್ನೊಂದು ಸಂಗತಿ ನನ್ನ ಮನೆಯದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಈ ಕಡೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು. ನಮ್ಮ ದೊಡ್ಡಪ್ಪ ಹುಡುಗನಾಗಿದ್ದಾಗಲೇ ಅಂಟಿಗೆ ಪಂಟಿಗೆಗೆ ಹೋದವರು. ದೀಪಾವಳಿಯ ಬಲಿಪಾಡ್ಯಮಿ ರಾತ್ರಿ, ಆರದಂತೆ ಕಾಪಾಡಿದ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವುದು, ಮನೆಯವರು ಎಣ್ಣೆ ಎರೆದು ತಮ್ಮ ದೀಪ ಹಚ್ಚಿಕೊಳ್ಳುವುದು ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಾದ್ದಲ್ಲ. ಆ ಪದಗಳನ್ನು ಬರೆದಿಟ್ಟುಕೊಳ್ಳೋಣ ಅಂತ ಮನೆಯ ಹಾಲ್‌ನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ದೊಡ್ಡಪ್ಪನನ್ನು ಕೂರಿಸಿದೆವು. ಎರಡು ಸಾಲು ಬಂತು, ಮುಂದೆ ಬರಲಿಲ್ಲ. "ಕೂತು ಹೇಳೋ ಪದ ಅಲ್ಲ ಮಾರಾಯ, ನಡೀತಾ ಬರೋದು" ಅಂದರು. ಏರಿ ಮೇಲೆ ಕತ್ತಲಲ್ಲಿ ಕೈ ಹಿಡಿದು ನಡೆಸಿದೆ. ತೂಬಿನ ಹತ್ತಿರ ಬರುವಷ್ಟರಲ್ಲಿ ಬಾಗಿಲು ತೆಗೆಸುವ ಪದ ಪೂರ್ತಿ ಬಂತು. ಮುಂದಿನ ವಾರ ನಾಲ್ವರು ಸೇರಿದರು. ಒಬ್ಬರು ಹೇಳಿ, ಉಳಿದವರು ಹಿಂದಿನಿಂದ ಎತ್ತಿಕೊಂಡು, ಏರಿಯ ಈ ತುದಿಯಿಂದ ಆ ತುದಿಗೆ. ಹಾಗೆ ಕಲಿಯುತ್ತಿದ್ದಾಗ ಬೀಗ ಬಿತ್ತು. ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಇನ್ನೊಂದು ವರ್ಷ ಕಾಯಿರಿ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ರಾತ್ರಿ ಕುಡುಕರು ಬರುತ್ತಾರೆ ಎಂಬ ಭಯ ನನಗೂ ಅರ್ಥವಾಗುತ್ತದೆ, ಬೆಳಿಗ್ಗೆ ಒಡೆದ ಬಾಟಲಿ ಹೆಕ್ಕಿದವಳು ನಾನೂ ಹೌದು. ಆದರೆ ಅವರು ಈಗಲೂ ಬೇಲಿ ಹಾರಿ ಬರುತ್ತಾರೆ. ಹತ್ತು ಮನೆಯ ಜನ ಏರಿ ಮೇಲಿದ್ದಾಗ ಬರುತ್ತಿರಲಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಧ್ವನಿವರ್ಧಕಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿರ್ಬಂಧ ಹಾಕಿದೆ. ನಮ್ಮಲ್ಲಿ ಮೈಕೇ ಇಲ್ಲ. ಒಂಬತ್ತೂವರೆವರೆಗೆ ಗೇಟು ತೆರೆದಿರಲಿ, ಸಾಕು. ಬೀಗ ಹಾಕುವ ಹೊಣೆಯನ್ನು ನಮ್ಮ ಬಡಾವಣೆಯವರೇ ಸರದಿ ಮೇಲೆ ಹೊರುತ್ತೇವೆ.

ಕೋಡಿ ಬದಿಯ ಅಷ್ಟು ಜಾಗಕ್ಕೆ ದಯವಿಟ್ಟು ಟೈಲ್ಸ್ ಹಾಕಿಸಬೇಡಿ. ನಮ್ಮ ಮಳೆಗೆ ಅದು ಪಾಚಿಗಟ್ಟುತ್ತದೆ, ಡೊಳ್ಳು ಕಟ್ಟಿಕೊಂಡು ಬರಿಗಾಲಲ್ಲಿ ಹಾರುವವರು ಜಾರಿ ಬೀಳುತ್ತಾರೆ. ಗಟ್ಟಿಸಿದ ಮಣ್ಣಿನ ನೆಲವೇ ಇರಲಿ. ಕಂಬಗಳಿಗೆ ಸ್ಪೀಕರ್ ಕಟ್ಟಿ ಹಾಡು ಹಾಕುವ ಮಾತೂ ಕಿವಿಗೆ ಬಿದ್ದಿದೆ. ಅದೂ ಬೇಡ.

ನಮ್ಮ ಜಿಲ್ಲೆಯ ಸಾಗರ ಪಟ್ಟಣಕ್ಕೆ ಆ ಹೆಸರು ಬಂದದ್ದೇ ಕೆಳದಿಯ ಅರಸ ಸದಾಶಿವ ನಾಯಕ ಕಟ್ಟಿಸಿದ ಕೆರೆಯಿಂದ. ಕೆರೆಯ ಸುತ್ತ ಊರು ಕಟ್ಟಿದ ಸೀಮೆ ನಮ್ಮದು.

ದೀಪ ಹಚ್ಚುವ ಗುಡಿ ನಮ್ಮ ಕೆರೆಯ ಆಚೆ ದಂಡೆಯಲ್ಲಿದೆ. ಅಲ್ಲಿಂದ ಬಡಾವಣೆಗೆ ಏರಿಯೇ ದಾರಿ. ಈ ಬಲಿಪಾಡ್ಯಮಿಗೆ ಮೊದಲು ಆದೇಶ ಆದರೆ ದೊಡ್ಡಪ್ಪನೇ ಮುಂದೆ ನಿಂತು ಆ ದೀಪ ತರುತ್ತಾರೆ. ಆ ರಾತ್ರಿ ನೀವೂ ನಮ್ಮ ಮನೆಗೆ ಬನ್ನಿ.

ಇಂತಿ,
ಕೆರೆ ಬದಿಯ ಬಡಾವಣೆಯ ಗೃಹಿಣಿ, ಶಿವಮೊಗ್ಗ