ಆಲಮಟ್ಟಿ ಮಟ್ಟದ ಪಕ್ಕದಲ್ಲಿ ಮಲ್ಪೆ ದೋಣಿಗೂ ಒಂದು ಸಾಲು ಕೊಡಿ

ಮಾನ್ಯ ಸಂಪಾದಕರೆ,

ನಿಮ್ಮ ಪುರವಣಿಯಲ್ಲಿ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಫೋಟೊ ಬಂದ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಸಮುದ್ರದ ನಡುವಿನ ನಡುಗಡ್ಡೆಯನ್ನೇ ನೋಡಬೇಕಂತೆ. ಮೈದುನ ಅಂಡಮಾನ್ ಅಂದರು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರಲ್ಲ, 'ವಿಜಯಪುರದಿಂದ ವಿಜಯಪುರಂಗೆ ಹೋಗಿ ಬರೋಣ' ಎಂದು ಮಗ ಕುಣಿದ. ಎಂಟು ಮಂದಿಯ ವಿಮಾನದ ಖರ್ಚು ಕೇಳಿ ಎಲ್ಲರೂ ಸುಮ್ಮನಾದರು. ಲಕ್ಷದ್ವೀಪಕ್ಕೆ ಪರವಾನಗಿ ಬೇಕು, ಹಡಗು ಹತ್ತಲು ಸಾಮಾನ್ಯವಾಗಿ ಕೊಚ್ಚಿಯ ತನಕ ಹೋಗಬೇಕು. ಕೊನೆಗೆ ಉಳಿದದ್ದು ನಮ್ಮದೇ ರಾಜ್ಯದ ಮಲ್ಪೆ. ಅತ್ತೆಯವರು ಮಾತ್ರ ಇನ್ನೂ 'ನೀರು ನೋಡಾಕ ಅಷ್ಟ್ ದೂರ ಯಾಕ್ರಿ, ಆಲಮಟ್ಟಿಗೆ ಹೋಗಿ ಬುತ್ತಿ ಉಂಡು ಬರೋಣ ನಡೀರಿ' ಅನ್ನುತ್ತಿದ್ದಾರೆ.

ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆ. ಈ ಪತ್ರ ಬರೆಯುವಾಗ ಶೆಡ್ಡಿನ ಜಾಲರಿಗಳ ಮೇಲೆ ಹಣ್ಣು ಒಣಗುತ್ತಿದೆ. ಮಣೂಕ, ಅಂದರೆ ಒಣದ್ರಾಕ್ಷಿ, ಉದುರಿಸಿ, ಕಡ್ಡಿ ಆರಿಸಿ, ಬಾಕ್ಸ್ ಕಟ್ಟಿ ಕೋಲ್ಡ್ ಸ್ಟೋರೇಜಿಗೆ ಕಳಿಸಬೇಕು. ಅದು ಮುಗಿಯುವಷ್ಟರಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಬರುತ್ತದೆ. ಬಳ್ಳಿ ಕತ್ತರಿಸಿ, ಕಣ್ಣು ಒಡೆದು ಚಿಗುರು ಕಾಣುವ ತನಕ ನಮ್ಮ ಮನೆಯವರು ತೋಟ ಬಿಟ್ಟು ಕದಲುವವರಲ್ಲ. ಶಾಲೆಗೆ ಏಪ್ರಿಲ್ ಎರಡನೇ ವಾರದಿಂದಲೇ ರಜೆ ಇದ್ದರೂ ನಮಗೆ ಕೈ ಬಿಡುವಾಗುವುದು ಮೇ ತಿಂಗಳಲ್ಲಿ. ಅತ್ತ ಮಲ್ಪೆಯಲ್ಲಿ ದ್ವೀಪಕ್ಕೆ ಹೋಗುವ ದೋಣಿಗಳು ಸಾಮಾನ್ಯವಾಗಿ ನಿಲ್ಲುವುದು ಮೇ ನಡುವಿನಲ್ಲೇ. ಮತ್ತೆ ಶುರುವಾಗುವುದು ಮಳೆಗಾಲ ಕಳೆದು ಸೆಪ್ಟೆಂಬರ್ ನಡುವಿಗೆ. ಅಂದರೆ ನಮ್ಮಂಥವರಿಗೆ ಸಿಗುವುದು ಹೆಚ್ಚೆಂದರೆ ಎರಡು ವಾರ. ಮದುವೆಗಳೂ ಅವೇ ದಿನಗಳಲ್ಲಿ!

ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಮೇ ಮೊದಲ ವಾರ ಹೊರಡಬೇಕೆಂದರೆ ಮಾರ್ಚ್ ಮೊದಲ ವಾರವೇ ಟಿಕೆಟ್ ತೆಗೆಯಬೇಕು. ಹುಬ್ಬಳ್ಳಿ, ಹಾಸನ, ಸಕಲೇಶಪುರ ಘಾಟಿ ದಾಟಿ ಮಂಗಳೂರಿಗೆ ಹೋಗುವ ಗಾಡಿಯಲ್ಲಿ ಎಂಟು ಬರ್ತ್ ಒಟ್ಟಿಗೆ ಸಿಗಬೇಕಾದರೆ ತಡ ಮಾಡುವಂತಿಲ್ಲ. ಮಂಗಳೂರಿನಿಂದ ಉಡುಪಿಗೆ ಮತ್ತೆ ಬಸ್ಸು. ಆದರೆ ಈ ವರ್ಷ ದೋಣಿ ಯಾವ ತಾರೀಖಿಗೆ ನಿಲ್ಲುತ್ತದೆಂದು ಮಾರ್ಚ್‌ನಲ್ಲಿ ಕೇಳಿದರೆ ಹೇಳುವವರಿಲ್ಲ. 'ಅದು ಸಮುದ್ರ ನೋಡಿ ಹೇಳೋದು' ಎಂಬ ಉತ್ತರ ಬರುತ್ತದೆ.

ಸಮುದ್ರ ನೋಡಿಯೇ ಹೇಳಲಿ, ಬೇಡ ಅನ್ನುವುದಿಲ್ಲ. ಅಲ್ಲಿ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ಇಳಿದು ದಡ ಸೇರಬೇಕಾಗುತ್ತದೆ ಎಂದು ಹೋಗಿ ಬಂದವರು ಹೇಳುತ್ತಾರೆ. ಮಂಡಿ ನೋವಿನ ಅತ್ತೆಯವರನ್ನು ಅಲೆ ಎದ್ದ ದಿನ ನಾನೇ ಕರೆದೊಯ್ಯಲಾರೆ. ಬೇಸಿಗೆಯ ಅಲೆಗಳು ಮೋಸದವು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಗಾಳಿ ಬೀಸಿದರೆ, ಅದರ ಉಬ್ಬರ ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ಕರಾವಳಿಗೆ ಬಂದು ಬಡಿಯುತ್ತದಂತೆ. ಇಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಇರುವುದಿಲ್ಲ, ದೋಣಿ ಮಾತ್ರ ಬಂದ್. ಹಿಂದೊಮ್ಮೆ ನಮ್ಮ ಓಣಿಯ ಒಂದು ಕುಟುಂಬ ಹೀಗೇ ದಂಡೆಯ ಮೇಲೆ ನಿಂತು, ಕಣ್ಣಿಗೆ ಕಾಣುವ ತೆಂಗಿನ ಮರಗಳನ್ನು ದೂರದಿಂದಲೇ ನೋಡಿ ಬಂತು. ಉಡುಪಿ ಮಠ, ಊಟ ಎಲ್ಲ ಆಯಿತು, ಆದರೆ ಮಕ್ಕಳು ಅತ್ತದ್ದೇ ಅತ್ತದ್ದು.

ಇಂಥ ಉಬ್ಬರದ ಮುನ್ಸೂಚನೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಅದೇ ಇನ್ಕಾಯ್ಸ್, ಮೊದಲೇ ಕೊಡುತ್ತದೆ. ಮಾಹಿತಿ ಇದೆ, ನಮ್ಮ ತನಕ ಬರುತ್ತಿಲ್ಲ ಅಷ್ಟೇ.

ಅದಕ್ಕೇ ನಿಮ್ಮನ್ನು ಕೇಳುವುದು. ನಿಮ್ಮ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಹಾಕುವ ಮೂಲೆಯೊಂದಿದೆ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್ ಎಂಬುದು ಅದನ್ನು ಓದಿ ಓದಿ ನಮ್ಮ ಅತ್ತೆಯವರಿಗೂ ಬಾಯಿಪಾಠ. ಮೇ ತಿಂಗಳಲ್ಲಿ ಅಲ್ಲಿ ಹೊಸ ಸುದ್ದಿ ಏನೂ ಇರುವುದಿಲ್ಲ, ನೀರು ತಳ ಹಿಡಿದಿರುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಅದರ ಕೆಳಗೆ ಒಂದು ಸಾಲು ಸೇರಿಸಿ: ಮಲ್ಪೆ ದೋಣಿ ನಾಳೆ ಇದೆಯೋ ಇಲ್ಲವೋ, ಕೊನೆಯ ದೋಣಿ ಎಷ್ಟು ಗಂಟೆಗೆ. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲವಾದ್ದರಿಂದ ಕೊನೆಯ ದೋಣಿಯ ಹೊತ್ತು ಗೊತ್ತಿರುವುದೂ ಮುಖ್ಯ. ಜೊತೆಗೆ, ದೋಣಿ ನಿಲ್ಲುವ ತಾರೀಖನ್ನು ಫೆಬ್ರುವರಿ ಮುಗಿಯುವುದರೊಳಗೆ ಪ್ರಕಟಿಸುವಂತೆ ಉಡುಪಿ ಜಿಲ್ಲಾಡಳಿತಕ್ಕೆ ನಿಮ್ಮ ಕರಾವಳಿ ಆವೃತ್ತಿಯವರು ಒಂದು ಮಾತು ಮುಟ್ಟಿಸಬೇಕು. ಸಮುದ್ರ ಕೆಟ್ಟರೆ ಅದಕ್ಕಿಂತ ಮೊದಲೇ ನಿಲ್ಲಿಸಲಿ, ಯಾರೂ ತಕರಾರು ಮಾಡುವುದಿಲ್ಲ.

ಎಂಟನೇ ತರಗತಿಯ ಮಗಳಿಗೆ ಅಲ್ಲಿನ ಕಂಬದಂಥ ಕಲ್ಲುಗಳ ಮೇಲೆ ಕಣ್ಣು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಅದು. ನಮ್ಮ ಬಾವಿ ತೋಡುವಾಗ ಸಿಡಿಮದ್ದು ಇಟ್ಟು ಒಡೆಸಿದ ಕರಿಕಲ್ಲೂ ಲಾವಾವೇ, ಆದರೆ ಸುಮಾರು ಎರಡು ಕೋಟಿ ವರ್ಷ ಚಿಕ್ಕದಂತೆ. ಬಾವಿ ದಂಡೆಯ ಒಂದು ಚೂರನ್ನು ಬ್ಯಾಗಿನಲ್ಲಿ ಆಗಲೇ ಇಟ್ಟುಕೊಂಡಿದ್ದಾಳೆ, ಅಲ್ಲಿಟ್ಟು ಹೋಲಿಸಿ ನೋಡುತ್ತಾಳಂತೆ. ಟಿಕೆಟ್ ಮಾತ್ರ ಇನ್ನೂ ತೆಗೆದಿಲ್ಲ.

ಇಂತಿ,
ದ್ರಾಕ್ಷಿ ಬೆಳೆಗಾರರ ಮನೆಯ ಒಬ್ಬ ಓದುಗಳು
ತಿಕೋಟಾ, ವಿಜಯಪುರ ಜಿಲ್ಲೆ